ಓಗೊಡದ ಅತ್ತಿಮರ

ಒಂದು ಕಾಡಿನಲ್ಲಿ ಕೂಗಿಗೂ ಒಂದು ಕಟ್ಟಳೆ ಇತ್ತು. ಹೊಳೆಯ ದಂಡೆಯಲ್ಲಿದ್ದ ದೊಡ್ಡ ಅತ್ತಿಮರ ಕೋತಿಗಳ ಮನೆ. ಚಿರತೆ ಕಣ್ಣಿಗೆ ಬಿದ್ದರೆ ಕಂಡ ಕೋತಿ "ಖ್ಯಾಕ್!" ಎಂದು ಕೂಗಬೇಕು. ಕೂಡಲೇ ಇಡೀ ಮರ "ಖ್ಯಾಕ್! ಖ್ಯಾಕ್!" ಎಂದು ಓಗೊಡಬೇಕು. ಒಂಟಿ ಕೂಗನ್ನು ಯಾರೂ ನಂಬುತ್ತಿರಲಿಲ್ಲ. ಮರಿಗಳು ಆಟಕ್ಕೂ ಹಾಗೆ ಅರಚುತ್ತವಲ್ಲ! ಮರ ಓಗೊಟ್ಟರೆ ಮಾತ್ರ ಜಿಂಕೆ ಓಡುತ್ತಿತ್ತು, ಮೊಲ ಪೊದೆ ಸೇರುತ್ತಿತ್ತು, ನವಿಲು ಕೊಂಬೆಗೆ ಹಾರುತ್ತಿತ್ತು. ಆ ಕಾಡಿನ ಕಾವಲೆಲ್ಲ ಕೋತಿಗಳ ಗಂಟಲಲ್ಲೇ ಇತ್ತು ಅಂದುಕೊಳ್ಳಿ.

ಅದೇ ಮರದ ಪೊಟರೆಯಲ್ಲಿ ಒಂದು ಪುನುಗು ಬೆಕ್ಕು ಇತ್ತು. ನಾಲ್ಕು ಬೇರಿನ ಹೆಸರು ಗೊತ್ತಿದ್ದರಿಂದ ಎಲ್ಲರೂ ಅವನನ್ನು ಪಂಡಿತರೇ ಎನ್ನುತ್ತಿದ್ದರು. ಪಂಡಿತ ಹಗಲೆಲ್ಲ ಗೊರಕೆ ಹೊಡೆಯುತ್ತಿದ್ದ. ಸಂಜೆ ಎದ್ದು ನೋಡಿದರೆ ಹಣ್ಣೆಲ್ಲ ಕೋತಿಗಳ ಹೊಟ್ಟೆ ಸೇರಿರುತ್ತಿತ್ತು. ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ಮಳೆ ನಿಂತ ಮೇಲೆ ಹಿಂಡಿಗೆ ತುರಿಕೆ ಹತ್ತಿತು. ಅಯ್ಯೋ, ಅದೆಂಥ ತುರಿಕೆ! ಕೆರೆದು ಕೆರೆದು ರಕ್ತ ಬರುತ್ತಿತ್ತು. ಕೆಂಚಿ ಎಂಬ ತಾಯಿಕೋತಿಯ ಮಗ ಚಿಣ್ಣಿಯ ಪಾಡಂತೂ ಹೇಳತೀರದು. ಅವನು ಇನ್ನೂ ಮರಿ. ಹದ್ದು ಕಂಡರೆ ಕೂಗುವ ಕೂಗು ಕಲಿತಿದ್ದ, ಚಿರತೆ ಕಂಡರೆ ಕೂಗುವುದನ್ನು ಕಲಿಯುತ್ತಿದ್ದ. ಈಗ ಅಮ್ಮನ ಮಡಿಲಲ್ಲಿ ಬಿದ್ದು ಅಳುವುದೇ ಅವನ ಕೆಲಸವಾಯಿತು.

ಪುನುಗು ಪಂಡಿತ ಒಂದು ಕಪ್ಪು ಬೇರು ಹಿಡಿದು ಬಂದ.

"ಮೈಯೊಳಗೆ ಕಾವಲುಗಾರರು ಇರ್ತಾರೆ. ಅವರು ಸುಮ್ಮಸುಮ್ಮನೆ ರೇಗಿ ಓಡಾಡೋದಕ್ಕೇ ಈ ತುರಿಕೆ," ಅಂದ. "ಈ ಬೇರು ಅಗಿದರೆ ಅವರು ಮಲಗಿಬಿಡ್ತಾರೆ. ನಿಮ್ಮ ತುರಿಕೆ ಮಂಗಮಾಯ!"

"ಬೇರೆ ತೊಂದರೆ ಏನೂ ಇಲ್ಲವಾ ಪಂಡಿತರೇ?" ಎಂದು ಕೆಂಚಿ ಕೇಳಿದಳು.

"ಥೂ, ಒಳ್ಳೇದು ಮಾಡೋಕೆ ಬಂದವನಿಗೇ ಅನುಮಾನವೇ?"

ಹಿಂಡಿನ ಯಜಮಾನ ದಡಿಯಣ್ಣ ಕೆಂಚಿಯನ್ನು ಗದರಿದ. ಮೊದಲ ಬೇರನ್ನು ತಾನೇ ಅಗಿದ. ಆಮೇಲೆ ಎಲ್ಲರೂ ದಿನಾ ಅಗಿಯತೊಡಗಿದರು. ಕೆಂಚಿ ಮಾತ್ರ ತನ್ನ ಪಾಲನ್ನೂ ಚಿಣ್ಣಿಗೇ ಕೊಟ್ಟಳು. ಹೆತ್ತ ಕರುಳಲ್ಲವೇ? ತಾನು ಕೆರೆದುಕೊಂಡರೂ ಚಿಂತೆಯಿಲ್ಲ, ಮಗ ನಿದ್ದೆ ಮಾಡಲಿ ಅಂದುಕೊಂಡಳು.

ಮದ್ದು ಸುಳ್ಳಾಗಲಿಲ್ಲ. ತುರಿಕೆ ನಿಂತಿತು. ಆದರೆ ಪಂಡಿತ ಒಂದು ಮಾತನ್ನು ನುಂಗಿಕೊಂಡಿದ್ದ. ಮೈ ಕಾಯುವ ಆ ಕಾವಲುಗಾರರೇ ತಲೆಯೊಳಗಿನ ಎಳೆ ಚಿಗುರಿಗೂ ನೀರುಣಿಸುತ್ತಾರೆ. ಅವರು ಮಲಗಿದರೆ ಹೊಸ ಚಿಗುರು ಒಡೆಯುವುದಿಲ್ಲ. ಚಿಗುರಿಲ್ಲದ ತಲೆಗೆ ಹೊಸ ಪಾಠ ಹತ್ತುವುದಿಲ್ಲ, ಹಳೇ ಹೆದರಿಕೆಯೂ ನೆನಪಿನಲ್ಲಿ ಉಳಿಯುವುದಿಲ್ಲ. ಆಚೆ ಗುಡ್ಡದ ಕೋತಿಗಳು ಹೀಗೆ ಮಂಕಾದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಂಡೇ ಆ ಬೇರು ತಂದಿದ್ದ, ಕಳ್ಳ!

ಮೊದಮೊದಲು ಎಲ್ಲರಿಗೂ ಖುಷಿಯೇ ಆಯಿತು. "ನಮ್ಮ ಮರಿಗಳು ಎಷ್ಟು ಸಾಧುವಾದವು ನೋಡಿ! ಜಗಳವಿಲ್ಲ, ಗಲಾಟೆಯಿಲ್ಲ," ಎಂದು ತಾಯಂದಿರು ಮೆಚ್ಚಿಕೊಂಡರು. ಬರಬರುತ್ತಾ ಆ ತಾಯಂದಿರೂ ಸುಮ್ಮನಾದರು. ಒಬ್ಬರ ಹೇನು ಒಬ್ಬರು ಹೆಕ್ಕುವುದು ನಿಂತಿತು. ತುದಿಕೊಂಬೆಯ ಹಣ್ಣಿಗೆ ಯಾರೂ ಹಾರಲಿಲ್ಲ. ಕೈಗೆ ಸಿಕ್ಕಿದ್ದನ್ನು ತಿಂದು ಎಲ್ಲರೂ ಕೂತಲ್ಲೇ ಕೂತರು. ಉಳಿದ ಹಣ್ಣೆಲ್ಲ ಪಂಡಿತನ ಪಾಲಾಯಿತು. ತಿಂದು ತಿಂದು ಅವನು ಎಷ್ಟು ಊದಿದನೆಂದರೆ, ಪೊಟರೆಯ ಬಾಯಲ್ಲಿ ಹೊಟ್ಟೆ ಸಿಕ್ಕಿಕೊಳ್ಳತೊಡಗಿತು. ಪೊಟರೆ ಬಿಟ್ಟು ಕೆಳಗಿನ ಅಗಲ ಕೊಂಬೆಯ ಮೇಲೆಯೇ ಮಲಗಲು ಶುರುಮಾಡಿದ.

ಒಂದು ದಿನ ಹದ್ದಿನ ನೆರಳು ಮರದ ಮೇಲೆ ಹಾದುಹೋಯಿತು. ಚಿಣ್ಣಿ ಕೂಗಲಿಲ್ಲ, ಬಗ್ಗಲಿಲ್ಲ. ತಲೆಯೆತ್ತಿ ನೋಡುತ್ತಲೇ ಇದ್ದ. ಕೆಂಚಿ ಅವನನ್ನು ಎಳೆದು ಅಪ್ಪಿಕೊಂಡಳು.

"ಹದ್ದು ಬಂದರೆ ಏನಂತ ಕೂಗಬೇಕು, ಹೇಳು ಕಂದಾ?"

ಚಿಣ್ಣಿ ಅಮ್ಮನ ಮುಖವನ್ನೇ ನೋಡಿದ. ಕಲಿತ ಕೂಗೂ ಮರೆತುಹೋಗಿತ್ತು. ಅವನ ಕಣ್ಣಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಅದನ್ನು ನೋಡಿದ್ದೇ ಕೆಂಚಿ ಓಡಿಹೋಗಿ ಪಂಡಿತನನ್ನು ಅಲುಗಾಡಿಸಿ ಎಬ್ಬಿಸಿದಳು.

"ನನ್ನ ಮಗನಿಗೆ ಏನು ಮಾಡಿದಿರಿ?"

"ತುರಿಕೆ ವಾಸಿ ಮಾಡಿದೆ," ಎಂದು ಪಂಡಿತ ಆಕಳಿಸಿದ.

"ಬೇರು ಕೊಡೋದನ್ನು ಇವತ್ತೇ ನಿಲ್ಲಿಸ್ತೀನಿ!"

"ನಿಲ್ಲಿಸು ತಾಯಿ. ತುರಿಕೆ ಮತ್ತೆ ಬರುತ್ತೆ, ಮಗ ಕೆರೆದುಕೊಂಡೇ ಸಾಯ್ತಾನೆ. ಆಮೇಲೆ ನನ್ನನ್ನು ಬೈಬೇಡ."

ಕೆಂಚಿಗೆ ಕೊಟ್ಟರೂ ಭಯ, ಬಿಟ್ಟರೂ ಭಯ. ಏನು ಮಾಡಲಿ, ಯಾರನ್ನು ಕೇಳಲಿ? ದಡಿಯಣ್ಣನ ಹತ್ತಿರ ಹೋದಳು. ದಡಿಯಣ್ಣ ಅವಳನ್ನು ನೋಡಿದ, ಎಲೆಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಅಷ್ಟೇ. ಅಷ್ಟು ದೊಡ್ಡ ಹಿಂಡಿನ ನಡುವೆ ಕೆಂಚಿ ಒಂಟಿಯಾಗಿದ್ದಳು.

ಮಾರನೆಯ ದಿನ ಮಧ್ಯಾಹ್ನ ಗಾಳಿ ನಿಂತಿತ್ತು. ಎದುರಿನ ಹುಲ್ಲು ಮಾತ್ರ ಒಂದು ಕಡೆ ಅಲುಗಿತು. ಕೆಂಚಿ ಕಣ್ಣು ಕಿರಿದು ಮಾಡಿ ನೋಡಿದಳು. ಹುಲ್ಲಿನ ನಡುವೆ ಎರಡು ಹಳದಿ ಕಣ್ಣು! ಚಿರತೆ! ಮಗ ಎಲ್ಲಿ? ಚಿಣ್ಣಿ ಮರದಿಂದ ಇಳಿದಿದ್ದ. ಬಿದ್ದ ಹಣ್ಣು ಕೈಯಲ್ಲಿ ಹಿಡಿದು ಆ ಕಣ್ಣುಗಳ ಕಡೆಗೇ ಮೆಲ್ಲಗೆ ನಡೆಯುತ್ತಿದ್ದ.

"ಖ್ಯಾಕ್!"

ಮರ ಸುಮ್ಮನಿತ್ತು.

"ಖ್ಯಾಕ್! ಖ್ಯಾಕ್! ಓಗೊಡ್ರೋ! ಚಿರತೆ ಕಣ್ರೋ!" ಕೆಂಚಿಯ ಗಂಟಲು ಹರಿಯಿತು.

ಯಾರೂ ಓಗೊಡಲಿಲ್ಲ. ಜಿಂಕೆಗಳು ಕಿವಿಯೆತ್ತಿ ಕಾದವು, ಮತ್ತೆ ಮೇಯತೊಡಗಿದವು. ಕೆಳಕೊಂಬೆಯ ಪಂಡಿತ ಒಂದು ಕಣ್ಣು ತೆರೆದ. ಅವನೂ ಮಾರುಕೂಗಿಗೆ ಕಾದ. ಹುಟ್ಟಿದಾಗಿನಿಂದ ಅವನ ಹಗಲು ನಿದ್ದೆಯನ್ನು ಕಾದದ್ದು ಆ ಮಾರುಕೂಗೇ ಅಲ್ಲವೇ? ಅದು ಬರಲಿಲ್ಲ.

"ಒಂಟಿ ಕೂಗು. ಯಾವುದೋ ಮರಿಯ ಚೇಷ್ಟೆ," ಎಂದು ಗೊಣಗಿ ಮಗ್ಗುಲು ಬದಲಿಸಿದ.

ಕೆಂಚಿ ಇನ್ನು ಕಾಯಲಿಲ್ಲ. ಮೇಲಿನಿಂದ ನೇರ ನೆಲಕ್ಕೆ ಧುಮುಕಿದಳು. ಚಿರತೆ ನೆಗೆಯಿತು. ಅದರ ಬಿಸಿಯುಸಿರು ಅವಳ ಬೆನ್ನಿಗೆ ತಾಗಿತು. ಚಿಣ್ಣಿಯನ್ನು ಬಾಚಿ ಎದೆಗೆ ಒತ್ತಿಕೊಂಡು ಸರಸರನೆ ಮರ ಹತ್ತಿದಳು. ಚಿರತೆಯೂ ಹತ್ತಿತು. ಕೆಳಗಿನ ಕೊಂಬೆಗೆ ಬರುತ್ತಲೇ ಅದರ ಕಾಲಿಗೆ ಮೆತ್ತಗೆ ಏನೋ ತಾಗಿತು. ನೋಡಿದರೆ ಕೊಬ್ಬಿದ ಪುನುಗು ಬೆಕ್ಕು!

ಚಿರತೆ ಅವನ ಕುತ್ತಿಗೆ ಹಿಡಿಯಿತು. ಪಂಡಿತ ಮೇಲೆ ಸಾಲಾಗಿ ಕೂತ ಕೋತಿಗಳನ್ನು ನೋಡಿ ಕಿರುಚಿದ.

"ಯಾಕ್ರೋ... ಯಾಕ್ರೋ ಓಗೊಡಲಿಲ್ಲ?"

ಕೋತಿಗಳು ಅವನನ್ನು ಸುಮ್ಮನೆ ನೋಡಿದವು. ಚಿರತೆ ಅವನನ್ನು ಕಚ್ಚಿಕೊಂಡು ಹುಲ್ಲಿನಲ್ಲಿ ಮಾಯವಾಯಿತು.

ಕೆಂಚಿ ಉಳಿದ ಬೇರನ್ನೆಲ್ಲ ಹೊಳೆಗೆ ಎಸೆದಳು. ತುರಿಕೆ ಮತ್ತೆ ಬಂತು. ಮರಿಗಳು ಅತ್ತವು, ರೇಗಿದವು, ಕಚ್ಚಾಡಿದವು. ಆದರೆ ಯಾರೂ ಸಾಯಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ತುರಿಕೆ ತಾನಾಗಿ ಇಳಿಯಿತು. ಕೋತಿಗಳು ಮತ್ತೆ ಒಬ್ಬರ ಬೆನ್ನಿನ ಹೇನು ಒಬ್ಬರು ಹೆಕ್ಕತೊಡಗಿದವು. ಕೆಂಚಿ ದಿನಾ ಚಿಣ್ಣಿಯನ್ನು ಕೂರಿಸಿಕೊಂಡು ಮೊದಲಿನಿಂದ ಪಾಠ ಹೇಳಿದಳು. ಅವನು ದಿನಾ ಮರೆತ. ಅವಳು ಬಿಡಲಿಲ್ಲ.

ಅತ್ತಿಮರ ಹೊಸ ಎಲೆ ಬಿಟ್ಟ ಕಾಲ. ಹೊಳೆಯಾಚೆ ಚಿರತೆಯ ಬಾಲ ಕಂಡಿತು. ಕೆಂಚಿ "ಖ್ಯಾಕ್!" ಎಂದಳು. ಒಂದು ಗಳಿಗೆ ಮರ ಸುಮ್ಮನಿತ್ತು. ಆಗ ಅವಳ ಪಕ್ಕದಿಂದಲೇ ಒಂದು ಎಳೆಯ ದನಿ ನಡುಗುತ್ತಾ ಎದ್ದಿತು.

"ಖ್ಯಾ... ಖ್ಯಾಕ್!"

ಚಿಣ್ಣಿ ಹೆದರಿ ಅಮ್ಮನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಮಗ ಹೆದರಿದನಲ್ಲ ಎಂದು ಕೆಂಚಿ ಸಂತೋಷದಿಂದ ಅತ್ತಳು. ಹಿಂದೆಯೇ ಇಡೀ ಮರ ಓಗೊಟ್ಟಿತು. ಜಿಂಕೆಗಳು ಓಡಿದವು. ದಡಿಯಣ್ಣ ಮಾತ್ರ ಓಗೊಡಲಿಲ್ಲ. ಯಜಮಾನನೆಂದು ಎಲ್ಲರಿಗಿಂತ ಹೆಚ್ಚು ಬೇರು ತಿಂದವನು ಅವನು. ಅವನು ಇಂದಿಗೂ ಕೂತಲ್ಲೇ ಕೂತು ಎಲೆ ನೋಡುತ್ತಾನೆ.

ನೀತಿ: ಮದ್ದು ಯಾವುದನ್ನು ವಾಸಿ ಮಾಡುತ್ತದೆ ಎಂದು ಕೇಳಿದರೆ ಸಾಲದು, ಜೊತೆಗೆ ಇನ್ನೇನನ್ನು ಮಲಗಿಸುತ್ತದೆ ಎಂದೂ ಕೇಳಬೇಕು; ಸ್ವಾರ್ಥಕ್ಕಾಗಿ ಇತರರ ಕಾವಲನ್ನು ಮಲಗಿಸಿದವನಿಗೆ ಆಪತ್ತು ಬಂದಾಗ ಕೂಗಿ ಎಚ್ಚರಿಸುವವರು ಯಾರೂ ಇರುವುದಿಲ್ಲ.