ಅಜ್ಜಿಯ ಮೊಣಕಾಲು, ಮರಿಗಳ ಕೆಮ್ಮು

ಒಂದು ಕಾಡಿನಲ್ಲಿ ಆ ಚಳಿಗಾಲ ಹುಲಿಯ ಗರ್ಜನೆಗಿಂತ ಮರಿಗಳ ಕೆಮ್ಮೇ ಜೋರಾಗಿತ್ತು. ನಾಯಿಕೆಮ್ಮು ಅಂತ ಅದರ ಹೆಸರು. ನಾಯಿಗಳು ಆರಾಮಾಗಿದ್ದವು. ಕೆಮ್ಮಿ ಕೆಮ್ಮಿ ಸಾಯುವ ಹಾಗಾಗಿದ್ದು ಮೊಲ, ಅಳಿಲು, ಜಿಂಕೆಗಳ ಮರಿಗಳು.

ಕಾಡಿಗೆ ಔಷಧ ಕೊಡುತ್ತಿದ್ದವಳು ಕರಡಿ ಜಡೆಯಕ್ಕ. ಮರಿಗಳ ಕೆಮ್ಮಿಗೆ ಜೇನೇ ಮದ್ದು, ಆದರೆ ಆ ವರ್ಷ ಹೂವೇ ಸರಿಯಾಗಿ ಬಿಟ್ಟಿರಲಿಲ್ಲ. ಎಲ್ಲ ಪ್ರಾಣಿಗಳೂ ಸೇರಿ, ಮೂತಿ ತುಂಬ ಕಚ್ಚಿಸಿಕೊಂಡು ತಂದಿದ್ದು ಒಂದೇ ಒಂದು ಸೋರೆಬುರುಡೆ ಜೇನು. ಹಂಚುವ ಕೆಲಸ ಜಡೆಯಕ್ಕನದು. ಕರಡಿಯ ಕೈಗೆ ಜೇನು ಕೊಟ್ಟರು ಅಂದರೆ ಅವಳ ಮೇಲೆ ಎಷ್ಟು ನಂಬಿಕೆ ಇರಬೇಕು ನೋಡಿ!

ಆದರೆ ಜಡೆಯಕ್ಕನನ್ನು ಸಾಕಿ ಬೆಳೆಸಿದ ಅಜ್ಜಿಯೂ ಅವಳ ಗುಹೆಯಲ್ಲೇ ಇದ್ದಳು. ಅಜ್ಜಿಗೆ ಮೊಣಕಾಲು ನೋವು. ಬುರುಡೆಯ ಜೇನನ್ನೆಲ್ಲ ಅರಿಸಿನದ ಜೊತೆ ಕಲಸಿ ಮೆತ್ತಿದರೆ ನಾಲ್ಕು ದಿನ ನಡೆದಾಡಿಯಾಳು.

ಇದು ನರಿಗೆ ಗೊತ್ತಾಯಿತು. ಕಣ್ಣಿಗೆ ಎಂಜಲು ಹಚ್ಚಿಕೊಂಡು ಓಡಿ ಬಂತು.

"ಜಡೆಯಕ್ಕಾ, ಅಜ್ಜಿ ಮುಖ ನೋಡಿದ್ರೆ ಕರುಳು ಕಿತ್ತು ಬರುತ್ತೆ ಕಣಕ್ಕಾ! ಮೊಲಕ್ಕೇನು, ವರ್ಷಪೂರ್ತಿ ಮರಿ ಹಾಕ್ತಾನೇ ಇರುತ್ತೆ. ಇಂಥ ಅಜ್ಜಿ ಇನ್ನೊಬ್ಬಳು ಸಿಗ್ತಾಳಾ? ಬುರುಡೆ ಇತ್ತ ಕೊಡು, ನಾನೇ ನಿಧಾನಕ್ಕೆ ಮೆತ್ತುತ್ತೀನಿ."

ಹೇಳುವಾಗಲೇ ಅದರ ನಾಲಿಗೆ ಮೊಳದುದ್ದ ಹೊರಗೆ ಬಂದಿತ್ತು. ಜಡೆಯಕ್ಕನಿಗೆ ಅದು ಕಾಣಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಬುರುಡೆ ಎತ್ತಿಯೂ ಬಿಟ್ಟಳು.

ಅಷ್ಟರಲ್ಲಿ ತಾಯಿಮೊಲ ಏದುಸಿರು ಬಿಡುತ್ತ ಬಂತು. ಅದರ ಮರಿ ಕೆಮ್ಮಿ ಕೆಮ್ಮಿ ನೀಲಿಯಾಗಿತ್ತು. ಜಡೆಯಕ್ಕ ಹುಲ್ಲುಕಡ್ಡಿಯ ತುದಿಯನ್ನು ಜೇನಿಗೆ ಅದ್ದಿ ಮರಿಯ ನಾಲಿಗೆಗೆ ಮುಟ್ಟಿಸಿದಳು. ಸ್ವಲ್ಪ ಹೊತ್ತಿಗೆ ಮರಿ ಸಲೀಸಾಗಿ ಉಸಿರಾಡಿತು. ಹಾಗೇ ನಿದ್ದೆ ಹೋಯಿತು.

ಜಡೆಯಕ್ಕ ಕಡ್ಡಿ ನೋಡಿದಳು. ಬುರುಡೆ ನೋಡಿದಳು. ಇಷ್ಟೇ ಇಷ್ಟರಲ್ಲಿ ಒಂದು ಜೀವ. ಅಷ್ಟೂ ಸುರಿದರೆ ಅಜ್ಜಿಗೆ ನಾಲ್ಕು ದಿನದ ನಡಿಗೆ. ಅಜ್ಜಿಯ ಕಡೆ ತಿರುಗಲು ಅವಳಿಗೆ ಮುಖವೇ ಬರಲಿಲ್ಲ.

"ಯಾಕೆ ಅಳ್ತೀಯೇ ಜಡೆ?" ಅಂದಳು ಅಜ್ಜಿ. "ನನ್ನ ಮೊಣಕಾಲು ಅರಚಿದ್ರೆ ನನಗೊಬ್ಬಳಿಗೇ ಕೇಳ್ಸುತ್ತೆ. ಆ ಮರಿಗಳು ಕೆಮ್ಮಿದ್ರೆ ಕಾಡಿಗೇ ನಿದ್ದೆ ಇಲ್ಲ. ಹೋಗು, ಹಂಚು."

ನರಿ ತಕ್ಷಣ ರಾಗ ಬದಲಾಯಿಸಿತು. "ಖೊಳ್! ಖೊಳ್! ಅಕ್ಕಾ, ನನಗೂ ಕೆಮ್ಮು! ಭಯಂಕರ! ಬುರುಡೆ ಪೂರ್ತಿ ಬೇಕಾಗಬಹುದು!"

"ಅಯ್ಯೋ ಪಾಪ," ಅಂದಳು ಜಡೆಯಕ್ಕ. "ಮರಿಗಳ ಗಂಟಲಲ್ಲಿ ಕಹಿ ಇಳಿಯಲ್ಲ, ಅದಕ್ಕೇ ಜೇನು. ದೊಡ್ಡವರ ಕೆಮ್ಮಿಗೆ ಆಡುಸೋಗೆ ಸೊಪ್ಪಿನ ರಸವೇ ಸಾಕು. ದಾರಿಯುದ್ದಕ್ಕೂ ಬೆಳೆದಿದೆ, ಪುಕ್ಕಟೆ. ನೀನು ಹೊಟ್ಟೆ ತುಂಬ ಕುಡಿ!"

ಬೇಡ ಅಂದರೆ ಕೆಮ್ಮು ಸುಳ್ಳು ಅಂತಾಗುತ್ತೆ. ಗುಹೆಯ ಮುಂದಿನ ಮರದ ಮೇಲಿದ್ದ ಕೋತಿ ಇಳಿದು ಬಂದು ನರಿಯ ಮೂಗು ಹಿಡಿಯಿತು. ತಾಯಿಮೊಲ ಸೊಪ್ಪು ಜಜ್ಜಿ ಜಜ್ಜಿ ರಸ ಸುರಿಯಿತು, ಒಂದು ಕೈ ಜಾಸ್ತಿಯೇ. ಸಿಹಿಗೆ ಅಂತ ಚಾಚಿದ್ದ ನಾಲಿಗೆ ಕಹಿಗೆ ಸುರುಟಿಕೊಂಡಿತು. ನರಿ ಬಾಲ ಮುದುರಿಕೊಂಡು ಓಡಿತು. ಕೆಮ್ಮು ಎಲ್ಲಿ ಹೋಯಿತೋ ಗೊತ್ತಿಲ್ಲ!

ಹುಲ್ಲುಕಡ್ಡಿ ಗೂಡಿಂದ ಗೂಡಿಗೆ ಹೋಯಿತು. ಬುರುಡೆಯ ತಳ ಕಾಣುವ ಹೊತ್ತಿಗೆ ಕಾಡು ನೆಮ್ಮದಿಯಾಗಿ ನಿದ್ದೆ ಮಾಡಿತು.

ಅಜ್ಜಿಯ ಮೊಣಕಾಲು? ವಾಸಿಯಾಗಲಿಲ್ಲ. ಆದರೆ ಬೆಳಗಾದರೆ ಸಾಕು, ಜಡೆಯಕ್ಕ ಮರಿಗಳನ್ನೆಲ್ಲ ಕರೆದು ತರುತ್ತಿದ್ದಳು. ಅವು ಅಜ್ಜಿಯ ಮೊಣಕಾಲಿನ ಮೇಲೆ ಬೆಚ್ಚಗೆ ಗುಪ್ಪೆಯಾಗಿ ಮಲಗುತ್ತಿದ್ದವು.

"ಹೊರಳಾಡಬೇಡ್ರೋ ಕಳ್ಳರಾ," ಅನ್ನುತ್ತಿದ್ದಳು ಅಜ್ಜಿ. "ಶಾಖ ತಪ್ಪುತ್ತೆ."

ನೀತಿ: ಔಷಧ ಸ್ವಲ್ಪವೇ ಇದ್ದಾಗ ಯಾರು ಜೋರಾಗಿ ಅತ್ತರು ಅಂತ ನೋಡಬಾರದು, ಅಷ್ಟರಲ್ಲೇ ಎಷ್ಟು ಜೀವ ಉಳಿಯುತ್ತದೆ ಅಂತ ನೋಡಬೇಕು. ಔಷಧ ಸಿಗದೆ ಹೋದವರ ಪಕ್ಕದಲ್ಲಿ ಹೋಗಿ ಕೂರುವುದನ್ನೂ ಮರೆಯಬಾರದು.