ಅರಗಿನ ಪೆಟ್ಟಿಗೆ ಹೇಳಿದ ಅರ್ಥ

ಕೊಂಗನಬೀಡು ಸಂಸ್ಥಾನ ಎಷ್ಟು ಚಿಕ್ಕದೆಂದರೆ, ಅರಮನೆಯಲ್ಲಿ ಒಗ್ಗರಣೆ ಹಾಕಿದರೆ ಗಡಿಯಲ್ಲಿ ನಿಂತವನು ಸೀನುತ್ತಿದ್ದ. ಅಂಥ ಊರಿಗೂ ಬ್ರಿಟಿಷ್ ರೆಸಿಡೆಂಟ್ ದೊರೆಯಿಂದ ಒಂದು ಕಾಗದ ಬಂತು. ಇದ್ದದ್ದು ಒಂದೇ ಸಾಲು: ನಿಮ್ಮ ಆಸ್ಥಾನದಲ್ಲಿ ಇಂಟ್ರೀಗ್ ಇದೆಯೆಂದು ಕೇಳಿದ್ದೇವೆ.

ಹಾಗಂದರೇನು ಎಂದು ರಾಜ ಭೈರರಸರು ದುಭಾಷಿ ಚೆನ್ನಿಗಯ್ಯನನ್ನು ಕೇಳಿದರು. ಒಳಗೊಳಗಿನ ಪಿತೂರಿಗೂ ಹಾಗೇ ಅನ್ನುತ್ತಾರೆ, ತಡೆಯಲಾಗದ ಕುತೂಹಲ ಕೆರಳಿಸುವುದಕ್ಕೂ ಹಾಗೇ ಅನ್ನುತ್ತಾರೆ ಎಂದ ಅವನು.

ದಿವಾನ ಸೋಮರಾಜಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಭಾವಮೈದುನ ಆರು ತಿಂಗಳು ಇಂಗ್ಲಿಷ್ ಕಲಿತು ಚೆನ್ನಿಗಯ್ಯನ ಹುದ್ದೆಯ ಮೇಲೆ ಕಣ್ಣಿಟ್ಟು ಕೂತಿದ್ದ.

"ಎತ್ತಣ ಪಿತೂರಿ, ಎತ್ತಣ ಕುತೂಹಲ? ಈತನಿಗೆ ಇಂಗ್ಲಿಷೇ ಬರೋದಿಲ್ಲ ಮಹಾಸ್ವಾಮಿ."

ರಾಜರಿಗೂ ಅನುಮಾನ ಹತ್ತಿತು. ಎರಡೂ ಅರ್ಥ ಒಂದೇ ಮಾತಿನಲ್ಲಿ ಹೇಗೆ ಇರುತ್ತವೆಂದು ಮೂರು ದಿನದಲ್ಲಿ ತೋರಿಸಬೇಕು, ಇಲ್ಲವೆ ಹುದ್ದೆಯನ್ನೂ ಅದರ ಜೊತೆಗೆ ಕೊಟ್ಟ ಮನೆಯನ್ನೂ ಬಿಡಬೇಕು ಎಂದರು. ಸುದ್ದಿ ಕೇಳಿದ ಚೆನ್ನಿಗಯ್ಯನ ಹೆಂಡತಿ, ಒರಳುಕಲ್ಲನ್ನು ಗಾಡಿಗೆ ಹೇಗೆ ಏರಿಸುವುದೆಂದು ಆಗಲೇ ಯೋಚಿಸತೊಡಗಿದಳು.

ಮರುದಿನ ಚೆನ್ನಿಗಯ್ಯ ಒಂದು ಮರದ ಪೆಟ್ಟಿಗೆ ತಂದ. ಒಳಮನೆಯಲ್ಲಿ ರಾಜರಿಗೆ ಮಾತ್ರ ಅದರ ಒಳಗನ್ನು ತೋರಿಸಿ, ಅವರೆದುರೇ ಅರಗಿನ ಮುದ್ರೆ ಒತ್ತಿ, ಸಭೆಯ ನಡುವೆ ಇಟ್ಟ. ಮೂರನೆಯ ದಿನದವರೆಗೆ ಯಾರೂ ಇದನ್ನು ಮುಟ್ಟಬಾರದು ಎಂದ. ಒಳಗೇನಿದೆ ಎಂದು ದಿವಾನ ಕೇಳಿದರೆ, ಅದನ್ನು ಹೇಳುವುದಾದರೆ ಪೆಟ್ಟಿಗೆ ಯಾತಕ್ಕೆ ಎಂದು ಹೊರಟೇಹೋದ. ಊಟವಾಗಿ ಅರಮನೆಯೆಲ್ಲ ತೂಕಡಿಸುವ ಹೊತ್ತಿನಲ್ಲಿ ಪೆಟ್ಟಿಗೆಗೆ ಕಾವಲೂ ಇರಲಿಲ್ಲ.

ಮೂರನೆಯ ದಿನ ಸಭೆ ಸೇರಿತು. ಹೆಸರುಕಾಳಿನಷ್ಟು ಹಾಕಿದ್ದ ಅರಗು ಪದರ ಪದರವಾಗಿ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಪೇಟೆಯಲ್ಲಿ ಅರಗಿನ ವ್ಯಾಪಾರಿ, ಸರಕು ಮುಗಿಯಿತೆಂದು ಅಂಗಡಿಯ ಬಾಗಿಲನ್ನೇ ಹಾಕಿದ್ದ.

ಪೆಟ್ಟಿಗೆ ತೆಗೆದರೆ ಒಳಗೊಂದು ಕಾಗದ. ರಾಜರೇ ಓದಿದರು. ಭೈರರಸರನ್ನು ಗಾದಿಯಿಂದ ಇಳಿಸಲು ಸಕಲ ಸಿದ್ಧತೆಯೂ ಆಗಿದೆಯೆಂದು ಚೆನ್ನಿಗಯ್ಯನ ಹೆಸರಿನಲ್ಲಿ ರೆಸಿಡೆಂಟ್ ದೊರೆಗೆ ಬರೆದ ಬಿನ್ನಹ ಅದು.

"ರಾಜದ್ರೋಹ" ಎಂದ ದಿವಾನ.

ಉಳಿದವರು ಪಿಳಿಪಿಳಿ ನೋಡಿದರು. ಅಡುಗೆಯ ಕರಿಯಣ್ಣ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಸೇನಾಪತಿಯೂ ಹಾಗೇ ಮಾಡಿದ. ಜೋಯಿಸರೂ ಅಷ್ಟೇ.

ಚೆನ್ನಿಗಯ್ಯ ಕೈಮುಗಿದು ಕೇಳಿದ: "ಮಹಾಸ್ವಾಮಿ, ನಾನು ಅರಗು ಹಾಕುವಾಗ ಒಳಗೇನಿತ್ತು?"

"ಏನೂ ಇರಲಿಲ್ಲ."

"ಆ ಕಾಗದದ ತಲೆಯ ಮೇಲೇನಿದೆ?"

"ಶ್ರೀ ತೋಪಿನ ಕೆಂಪಮ್ಮ ಪ್ರಸನ್ನ."

ಆ ಸೀಮೆಯಲ್ಲಿ ಮನೆದೇವರ ಹೆಸರು ಹಾಕದೆ ಯಾರೂ ಒಂದಕ್ಷರ ಬರೆಯುತ್ತಿರಲಿಲ್ಲ. ಚೆನ್ನಿಗಯ್ಯನ ಮನೆದೇವರು ನರಸಿಂಹ. ತೋಪಿನ ಕೆಂಪಮ್ಮನ ಒಕ್ಕಲು ಇಡೀ ಆಸ್ಥಾನದಲ್ಲಿ ಒಂದೇ ಮನೆ. ದಿವಾನನ ಕೈ ಕಳ್ಳಕಾಗದ ಬರೆಯುವಾಗಲೂ ಅಭ್ಯಾಸಬಲದಿಂದ ಮೊದಲು ಅಮ್ಮನಿಗೆ ಅಡ್ಡಬಿದ್ದಿತ್ತು.

"ಪೆಟ್ಟಿಗೆ ತೆಗೆಸಿದ್ದು ಕುತೂಹಲ, ಕಾಗದ ಇಡಿಸಿದ್ದು ಪಿತೂರಿ. ಕೈ ಮಾತ್ರ ಒಂದೇ" ಎಂದ ಚೆನ್ನಿಗಯ್ಯ. "ದೊರೆಯ ಮಾತೂ ಅಷ್ಟೇ, ಮಹಾಸ್ವಾಮಿ."

ರಾಜರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಂಪಮ್ಮನ ಗುಡಿ ಗುಡಿಸಿಕೊಂಡಿರಲಿ ಎಂದು ದಿವಾನನನ್ನು ಭಾವಮೈದುನನ ಸಮೇತ ಕಳಿಸಿ, ಚೆನ್ನಿಗಯ್ಯನಿಗೆ ತಮ್ಮ ಶಾಲನ್ನೇ ಹೊದಿಸಿದರು.

ದೊರೆಗೆ ಏನೆಂದು ಉತ್ತರ ಬರೆಯಲಿ ಎಂದು ಅವನು ಕೇಳಿದ.

"ಅರ್ಧ ತೊಲಗಿತು, ಇನ್ನರ್ಧ ಉಳಿದಿದೆ ಅಂತ ಬರಿ."

"ಉಳಿದದ್ದು ಯಾರಲ್ಲಿ, ಮಹಾಸ್ವಾಮಿ?"

ರಾಜರು ಆ ಅರಗಿನ ಉಂಡೆಯನ್ನು ಕೈಗೆತ್ತಿಕೊಂಡು ಮೆಲ್ಲಗೆ ಹೇಳಿದರು: "ಇದರಲ್ಲಿ ಒಂದು ಪದರ ನಂದೂ ಇದೆ ಕಣಯ್ಯ. ಖಾಲಿ ಅಂತ ಗೊತ್ತಿದ್ದೂ ತಡಕೊಳ್ಳೋಕೆ ಆಗಲಿಲ್ಲ."