ಡಿಸ್ಕಿಗೆ ಎಣ್ಣೆನೀರು ಎರೆದ ತಿಪ್ಪೇಶ

ಕೂತ್ಕೊಳ್ರಪ್ಪ, ಹತ್ತಿರ ಬಂದು ಕೂತ್ಕೊಳ್ರಿ! ಇದರಲ್ಲಿ ಒಂದೇ ಒಂದು ಸುಳ್ಳಿದ್ರೆ ನನ್ನ ಮೀಸೆ ಬೋಳಿಸಿ ನಿಮ್ಮ ಕೈಗೆ ಕೊಡ್ತೀನಿ. ನಾನು ಶಾಲೆ ಮೆಟ್ಟಿಲು ಹತ್ತಿದೋನಲ್ಲ. ಆದ್ರೆ ದುರ್ಗದ ಏಳು ಸುತ್ತಿನ ಕೋಟೇನ ಒಂದೇ ಉಸಿರಿಗೆ ಏಳು ಸಲ ಸುತ್ತಿದೋನು!

ಆ ಕೋಟೆ ಕೆಳಗಿನ ಬೀದೀಲಿ ಕೊಟ್ರಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶ. ಆಳು ನೋಡಿದ್ರೆ ಆರಡಿ, ಬುದ್ಧಿ ನೋಡಿದ್ರೆ ಅರ್ಧ ಚಟಾಕು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಹಾಲು ಉಕ್ಕೋದನ್ನ ನೋಡ್ತಿರು ಅಂದ್ರೆ, ಉಕ್ಕಿ ಒಲೆ ಆರಿ ಬೆಕ್ಕು ನೆಕ್ಕೋ ತನಕ ನೋಡ್ತಾನೇ ಕೂರೋನು. "ಇವನನ್ನ ಹೆತ್ತ ದಿನ ನನ್ನ ಹಣೆಬರಹ ಎಲ್ಲಿ ಮಲಗಿತ್ತೋ!" ಅಂತ ಕೊಟ್ರಮ್ಮ ದಿನಾ ಹಣೆ ಚಚ್ಕೊಳ್ಳೋಳು.

ಅವಳ ಗಂಡ ಫೋಟೋ ಮಹಲಿಂಗಪ್ಪ. ತೀರಿಕೊಂಡು ಎರಡು ವರ್ಷ. ಬದುಕಿದ್ದಾಗ ಊರಿನ ಒಂದು ಮದುವೇನೂ ಬಿಡದೆ ವಿಡಿಯೋ ತೆಗೆದೋನು. ಕ್ಯಾಮೆರಾ ಹಿಂದೆ ನಿಂತು ಕೂಗೋನು: "ನಗ್ರೀ! ಹಾಗೇ ಇರ್ರೀ! ಅಲ್ಲಾಡಬೇಡ್ರಿ!" ಕೊನೆಗೆ, "ಸಾಕು, ಆಯ್ತು!" ಅವನು ಸಾಕು ಅನ್ನೋ ತನಕ ಮದುಮಗನ ಮೂಗಿನ ಮೇಲೆ ಜೇನ್ನೊಣ ಕೂತ್ರೂ ಅಲ್ಲಾಡಂಗಿಲ್ಲ. ನನ್ನ ಮದುವೇಲಿ ಮೂರು ಕೂತಿದ್ವು. ಅಲ್ಲಾಡಲಿಲ್ಲ ನಾನು!

ಆ ಮದುವೆಗಳೆಲ್ಲ ಇದ್ದದ್ದು ಕಂಪ್ಯೂಟರಿನ ಒಂದೇ ಒಂದು ಹಾರ್ಡ್ ಡಿಸ್ಕಲ್ಲಿ. ಅಂಗೈಯಗಲ ಕಬ್ಬಿಣದ ಡಬ್ಬಿ, ಅದರೊಳಗೆ ಸಾವಿರ ಮದುವೆ! ಗಂಡನ ದನಿ ಅಂತ ಕೊಟ್ರಮ್ಮಂಗೆ ಉಳಿದದ್ದು ಅದೊಂದೇ. ಒಂದು ಬೆಳಗ್ಗೆ ಆ ಡಬ್ಬಿ ಶುರು ಹಚ್ಕೊಂತು: ಟಕ್! ಟಕ್! ಟಕ್!

"ಅಯ್ಯೋ, ಇದಕ್ಕೆ ಸಾಯೋ ಕಾಲ ಬಂತು!" ಅಂದ್ಲು ಕೊಟ್ರಮ್ಮ. "ಇದು ಕಣ್ಣು ಮುಚ್ಚೋದ್ರೊಳಗೆ ಇನ್ನೊಂದು ದೊಡ್ಡ ಡಿಸ್ಕಿಗೆ ಎಲ್ಲಾ ನಕಲು ಮಾಡ್ಕೋಬೇಕು. ಓಡೋ ತಿಪ್ಪೇಶ! ದಾವಣಗೆರೆ ಖಲಂದರ್ ಸಾಬರ ಅಂಗಡಿಗೆ ಓಡು! ದೊಡ್ಡ ದೊಡ್ಡ ಕಂಪನಿಗಳು ದುಡಿಸಿ ಬಿಟ್ಟ ಡಿಸ್ಕನ್ನ ಒರೆಸಿ, ರಿಪೇರಿ ಮಾಡಿ, ಮತ್ತೆ ಮಾರ್ತಾರೆ. ಹಳೇ ಮಾಲು ಕಣೋ, ಮಣ್ಣಿನ ಗಡಿಗೆ ತರುವಾಗ ಹೆಂಗೆ ಬಡಿದು ನೋಡಿ ತರ್ತೀವೋ ಹಂಗೆ ನೋಡಿ ತಾ!"

"ಆಗ್ಲಿ ಅವ್ವ!"

ಹೋದ. ಸಾಬರು ಅವನನ್ನ ನೋಡಿದ್ದೇ ಎದ್ದು ನಿಂತ್ರು. "ಮಹಲಿಂಗಪ್ಪನ ಮಗನಾ! ನನ್ನ ನಿಕಾಹ್ ಆ ಡಿಸ್ಕಲ್ಲೇ ಐತಪ್ಪ! ನಮ್ಮಮ್ಮಿ ನಕ್ಕಿದ್ದು ಜಗತ್ತಲ್ಲಿ ಇನ್ನೆಲ್ಲೂ ಇಲ್ಲ. ದುಡ್ಡಿನ ಮಾತಾಡಬೇಡ, ತಗೊಂಡು ಓಡು!" ಡಿಸ್ಕು ಕೊಟ್ರು. ತಿಪ್ಪೇಶ ಅದನ್ನ ಕಿವಿ ಹತ್ತಿರ ಹಿಡಿದ, ಅಂಗಡಿ ಮೆಟ್ಟಿಲ ಕಲ್ಲಿಗೆ ಬಡಿದ. ಠಣ್! ಇನ್ನೊಂದು ಸಲ. ಠಣ್! ಮೂರನೇ ಸಲಕ್ಕೆ ಒಳಗೆ ಗಲಗಲ ಅಂತು. ಹಂಗೇ ಮನೆಗೆ ತಂದು ಅವ್ವನ ಕೈಗಿಟ್ಟ.

"ಅವ್ವ, ಮೊದಮೊದಲು ಚೆನ್ನಾಗೇ ಠಣ್ ಅಂತಿತ್ತು!"

"ಅಯ್ಯೋ ಪೆದ್ದೇ! ಡಿಸ್ಕನ್ನ ಬಡೀತಾರೇನೋ? ಹಸುಗೂಸಿನ ಥರ ನೋಡ್ಕೋಬೇಕು ಅದನ್ನ! ಮೆತ್ತನೆ ಬಟ್ಟೇಲಿ ಸುತ್ತಿ, ಎದೆಗವುಚಿ ತರಬೇಕು!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವ!"

ಮತ್ತೆ ಓಡಿದ. ಸಾಬರು ಮತ್ತೊಂದು ಕೊಟ್ರು. ಅವ್ವನ ಹಳೇ ಸೀರೇಲಿ ಸುತ್ತಿದ, ಎದೆಗವುಚಿದ, ಬಸ್ ಹತ್ತಿದ. ಆ ಬಸ್ಸಲ್ಲಿ ನಾನಿದ್ದೆ, ಸುಳ್ಳಲ್ಲ! ಒಬ್ಬ ಅಜ್ಜಿ ಎದ್ದು ಸೀಟು ಬಿಟ್ಟುಕೊಟ್ಲು.

"ಕೂಸಿಗೆ ಎಷ್ಟು ತಿಂಗಳಪ್ಪ?"

"ಐದು ವರ್ಷ ಅಜ್ಜಿ! ಕಂಪನೀಲಿ ಹಗಲೂ ರಾತ್ರಿ ದುಡಿದು ಬಂದೈತೆ!"

ಅಜ್ಜಿ ಬಟ್ಟೆ ಮೇಲಿಂದ ಮುಟ್ಟಿ ನೋಡಿದ್ಲು. "ಅಯ್ಯೋ ಶಿವನೇ! ಅದಕ್ಕೇ ಹಿಂಗೆ ಸೆಟೆದೈತೆ. ಎಣ್ಣೆ ಹಚ್ಚಿ ನೀರೆರಿ ಮಗ, ಮೈ ಸಡಿಲ ಆಗ್ತದೆ!"

ಕೂಸಿನ ಥರ ನೋಡ್ಕೋ ಅಂದಿದ್ದಾಳೆ ಅವ್ವ, ನೀರೆರಿ ಅಂದಿದ್ದಾಳೆ ಅಜ್ಜಿ. ಬಿಡ್ತಾನಾ? ಮನೆಗೆ ಬಂದೋನೇ ಹರಳೆಣ್ಣೆ ಕಾಸಿದ, ಮೂಲೆಮೂಲೆಗೂ ತಿಕ್ಕಿದ. ಹಂಡೆಯಿಂದ ಸುಡುಸುಡು ನೀರು ಹುಯ್ದ, ಸೀಗೆಪುಡಿ ಹಾಕಿ ತೊಳೆದ, ಸಾಂಬ್ರಾಣಿ ಹೊಗೆ ಕೊಟ್ಟ. ಕಣ್ಣು ತಾಗಬಾರದು ಅಂತ ಕಪ್ಪು ಬೊಟ್ಟನ್ನೂ ಇಟ್ಟ! ಕೊಟ್ರಮ್ಮ ಬಂದು ನೋಡಿದ್ರೆ ಡಿಸ್ಕು ತೊಟ್ಟಿಲಲ್ಲಿ ಮಲಗೈತೆ, ಬಾಯಿಂದ ಸೀಗೆ ನೊರೆ!

"ಲೋ ಲೋ ಲೋ! ನೀರು ಸೋಕಿಸಬಾರದು ಕಣೋ! ಅದು ಬಿಸಿ ಆಗೋ ಮಾಲು, ಒಣಗಿರಬೇಕು, ಗಾಳಿಯಾಡೋ ಜಾಗದಲ್ಲಿ ಇಡಬೇಕು!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವ!"

ಮನೇಲಿ ಹಳೇದು ಟಕ್ ಟಕ್ ಅಂತಾನೇ ಐತೆ. ಮೂರನೇ ಡಿಸ್ಕು ಬಂತು. ಗಾಳಿಯಾಡೋ ಜಾಗ ಎಲ್ಲೈತೆ? ಗುಡ್ಡದ ಮೇಲೆ, ಗಾಳಿಯಂತ್ರಗಳು ಗಿರ್ ಅಂತ ತಿರುಗೋ ಕಡೆ! ಬಸ್ಸಿಂದ ಇಳಿದೋನು ಸೀದಾ ಗುಡ್ಡ ಹತ್ತಿದ. ಗಳ ನೆಟ್ಟು, ತುದೀಲಿ ಡಿಸ್ಕು ಕಟ್ಟಿ, ಒಣಗಲಿ ಅಂತ ಕೆಳಗೆ ಕೂತ. ಕೋಟೆ ಕೋತಿ ಒಂದು ಬಂತು, ಬಿಚ್ಚಿಕೊಂತು, ಹೋಯ್ತು. ಇವತ್ತಿಗೂ ಆ ಕೋತಿಗಳು ತಮ್ಮ ಮದುವೆಗಳನ್ನೆಲ್ಲ ಅದರೊಳಗೇ ತುಂಬಿಸ್ತಾವೆ. ನಾನು ಎರಡು ಮದುವೆಗೆ ಹೋಗಿ ಉಂಡು ಬಂದಿದೀನಿ!

"ಅಯ್ಯೋ ನನ್ನ ಕರ್ಮವೇ! ಅದಕ್ಕೇ ಹೇಳೋದು, ಎಲ್ಲಾ ಒಂದೇ ಕಡೆ ಇಡಬಾರದು ಅಂತ! ಒಂದು ಪಾಲು ನಮ್ಮನೇಲಿ, ಒಂದು ಪಾಲು ನಿಮ್ಮ ಸೋದರತ್ತೆ ಮನೇಲಿ ಇರಬೇಕು. ಒಂದು ಹೋದ್ರೂ ಇನ್ನೊಂದು ಉಳೀತದೆ!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವ!"

ನಾಲ್ಕನೇ ಡಿಸ್ಕು ತಂದ. ಸೀದಾ ಕಿಟಕಿ ಸರಳು ಕೊಯ್ಯೋನ ಅಂಗಡಿಗೆ ಹೋದ. "ಸರಿಯಾಗಿ ನಡುವಿಗೆ ಕೊಯ್ಯಣ್ಣ, ಅತ್ತೆಗೆ ಕಮ್ಮಿ ಆಗಬಾರದು!" ಕಿಡಿ ಹಾರ್ತು, ಕಿರ್ರ್ ಅಂತು, ಎರಡು ಹೋಳಾಯ್ತು. ಒಂದು ಹೋಳನ್ನ ಎಲೆ ಅಡಿಕೆ ಜೊತೆ ಅತ್ತೆ ಮಡಿಲಿಗೆ ಹಾಕಿದ. ಇನ್ನೊಂದನ್ನ ಅವ್ವನ ಮುಂದಿಟ್ಟ.

ಆಗ ನೋಡ್ರಪ್ಪ, ಕೊಟ್ರಮ್ಮ ನೆಲಕ್ಕೆ ಕುಸಿದ್ಲು. ಹಳೇ ಡಿಸ್ಕು ಈಗ ಉಬ್ಬಸದ ಮುದುಕನ ಥರ ನಿಂತು ನಿಂತು ಟಕ್... ಟಕ್... ಅಂತೈತೆ.

"ನಿಮ್ಮಪ್ಪನ ದನಿ ಹೋಗ್ತೈತಲ್ಲೋ! ಇನ್ನು ನಾನು ನಿನಗೆ ಏನೂ ಹೇಳಲ್ಲ. ಹೇಳಿದಷ್ಟೂ ಹಾಳು! ನನ್ನ ಮಾತು ಬಿಡು. ಇನ್ಮೇಲೆ ನಿಮ್ಮಪ್ಪ ಹೇಳಿದ್ದನ್ನ ಮಾತ್ರ ಕೇಳು, ಹೋಗು!"

"ಆಗ್ಲಿ ಅವ್ವ!" ಅಂದು ಬಾಗಿಲ ಪಕ್ಕ ನಿಂತ.

ಅಷ್ಟರಲ್ಲಿ ಬೀದೀಲಿ ಬೈಕಿನ ಸದ್ದು. ಖಲಂದರ್ ಸಾಬರೇ ಬಂದುಬಿಟ್ರು! ಐದನೇ ಡಿಸ್ಕನ್ನ ಸ್ವೆಟರಲ್ಲಿ ಸುತ್ತಿ, ಡಬ್ಬೀಲಿಟ್ಟು, ಹೆಂಡತಿ ತೊಡೆ ಮೇಲೆ ಕೂರಿಸಿಕೊಂಡು ತಂದಿದ್ರು. "ಅಕ್ಕಾ, ಇವನ ಕೈಗೆ ಇನ್ನೊಂದು ಕೊಟ್ರೆ ನಮ್ಮಮ್ಮಿ ನನ್ನ ಕ್ಷಮಿಸಲ್ಲ! ಸರಿ ಸರಿ, ಜಾಗ ಬಿಡಿ!"

ಜೋಡಿಸಿದ್ರು. ನಕಲು ಶುರುವಾಯ್ತು! ನೂರು ಮದುವೆ ದಾಟ್ತು, ಐನೂರು ದಾಟ್ತು! ಸಾಬರ ನಿಕಾಹ್ ದಾಟಿದಾಗ ಗಂಡ ಹೆಂಡತಿ ಇಬ್ಬರೂ "ಬಂತು! ಬಂತು!" ಅಂತ ಕುಣಿದ್ರು. ಕಿಟಕೀಲಿ ಇಡೀ ಬೀದಿ ನೇತುಬಿದ್ದಿತ್ತು. "ನಮ್ಮದು ಬಂತಾ? ನಮ್ಮದು?" ನನ್ನ ಮದುವೆ ಬಂದಾಗಂತೂ ಡಿಸ್ಕೇ ಒಂದು ಗಳಿಗೆ ನಿಂತು ನೋಡ್ತು! ಒಂಬೈನೂರ ತೊಂಬತ್ತೆಂಟು... ತೊಂಬತ್ತೊಂಬತ್ತು... ಸಾವಿರನೇ ಮದುವೆ, ಮಹಲಿಂಗಪ್ಪ ತೆಗೆದ ಕಟ್ಟಕಡೇದು, ಮುಕ್ಕಾಲು ದಾಟ್ತು. ಟಕ್. ಮುಗೀತು. ಹಳೇ ಡಿಸ್ಕು ಕಣ್ಣು ಮುಚ್ಚಿತು.

"ಪರವಾಗಿಲ್ಲ ಅಕ್ಕಾ, ಬಾಲ ಒಂದು ತುಂಡಾಗೈತೆ, ಅಷ್ಟೇ. ಹಾಕಿ ನೋಡೋಣ," ಅಂದ್ರು ಸಾಬರು.

ಹಾಕಿದ್ರು. ಪರದೆ ಮೇಲೆ ಮದುಮಕ್ಕಳು ಬಂದು ನಿಂತ್ರು. ಹಿಂದಿಂದ ಬಂತು ನೋಡ್ರಿ ಆ ದನಿ, ಮನೆ ಗೋಡೆ ನಡುಗೋ ಹಂಗೆ:

"ನಗ್ರೀ! ಹಾಗೇ ಇರ್ರೀ! ಅಲ್ಲಾಡಬೇಡ್ರಿ!"

ಅಲ್ಲಿಗೆ ತುಂಡು. ಪರದೆ ಕಪ್ಪು.

ಕೊಟ್ರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ತಿರುಗಿದ್ಲು. ಬಾಗಿಲ ಪಕ್ಕ ತಿಪ್ಪೇಶ, ಮೂವತ್ತೆರಡೂ ಹಲ್ಲು ಬಿಟ್ಟು, ಕಂಬದಂಗೆ ನಿಂತವ್ನೆ!

"ಏನೋ ಅದು? ಬಾ, ಉಣ್ಣು ಬಾ!"

ಅಲ್ಲಾಡಲಿಲ್ಲ. ನಗೂನೂ ಬಿಡಲಿಲ್ಲ. ಹಲ್ಲಿನ ಸಂದೀಲೇ ಅಂದ, "ಅಪ್ಪ ಹೇಳವ್ನೆ ಅವ್ವ. ಇನ್ನೂ ಸಾಕು ಅಂದಿಲ್ಲ."

ಸಾಬರು ಓಡಿಹೋಗಿ ತಮ್ಮ ನಿಕಾಹ್ ಹಾಕಿದ್ರು. ಕೊನೇಲಿ ಮಹಲಿಂಗಪ್ಪನ ದನಿ: "ಸಾಕು, ಆಯ್ತು!"

"ಆಯ್ತಲ್ಲಪ್ಪ, ಅಂದ್ರಲ್ಲ ನಿಮ್ಮಪ್ಪ!"

"ಅದು ನಿಮ್ಮ ಮದುವೆಗೆ ಅಂದದ್ದು ಸಾಬ್ರೇ. ಈ ಮದುವೆಗೆ ಅಂದಿಲ್ಲ!"

ಕೊಟ್ರಮ್ಮ ಬೈಯೋಕೆ ಅಂತ ಬಾಯಿ ತೆಗೆದ್ಲು. ಮಗನ ಮುಖ ನೋಡಿದ್ಲು, ಕಪ್ಪು ಪರದೆ ನೋಡಿದ್ಲು, ನಕ್ಕುಬಿಟ್ಲು! ಎರಡು ವರ್ಷದ ಮೇಲೆ, ಹೊಟ್ಟೆ ಹಿಡ್ಕೊಂಡು ನಕ್ಕುಬಿಟ್ಲು!

"ಹಾಂ ಅವ್ವ, ಹಾಗೇ ಇರು! ನೀನೂ ಅಲ್ಲಾಡಬೇಡ!" ಅಂದ ತಿಪ್ಪೇಶ.

ಇನ್ನೂ ನಿಂತವ್ನೆ ಕಣ್ರಪ್ಪ, ಹಲ್ಲು ಬಿಟ್ಕೊಂಡು. ನಂಬಲ್ವಾ? ಇವತ್ತು ಬೆಳಗ್ಗೆ ಕೋಟೆ ಸುತ್ತಿ ಬರೋವಾಗ ನನ್ನ ಒದ್ದೆ ಟವೆಲ್ಲನ್ನ ಅವನ ತೋಳ ಮೇಲೇ ಒಣಗಹಾಕಿ ಬಂದಿದೀನಿ. ಹೋಗಿ ನೋಡ್ರಿ, ಹಂಗೇ ಟವೆಲ್ಲೂ ತಗೊಂಡು ಬರ್ರಿ!